ಕೇಪಿನ ಕೋವಿ, ಕರಿಮದ್ದು ಮತ್ತು ಆಂಡರ್ಸನ್ನರ ವಿಂಚೆಸ್ಟರ್

ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಅವರ ಕಾಡಿನ ಕಥೆಗಳನ್ನು ಓದಿದವರು ನಮ್ಮ ಹಾಸ್ಟೆಲ್‌ನಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆಲ್ಲ ಒಂದು ಬಂದೂಕು ನೆನಪಿರಬೇಕು: .405 ವಿಂಚೆಸ್ಟರ್. ಕೆಳಗಿನ ಲಿವರ್ ಅನ್ನು ಒಮ್ಮೆ ಎಳೆದು ಬಿಟ್ಟರೆ ಖಾಲಿ ತೋಟಾ ಹೊರಗೆ, ಹೊಸದು ಒಳಗೆ. ಇತ್ತ ಅಂಕೋಲೆಯ ಹಿಲ್ಲೂರು, ಸುಂಕಸಾಳ ಕಡೆಯವರಿಗೂ ಕಾರವಾರದ ಕದ್ರಾ, ದೇವಳಮಕ್ಕಿ ಕಡೆಯವರಿಗೂ ಇನ್ನೊಂದು ಕೋವಿ ಗೊತ್ತು. ಗೋಡೆಯ ಗೂಟಕ್ಕೆ ನೇತು ಹಾಕಿರೋದು, ಬಾಯಿಂದ ಮದ್ದು ತುಂಬೋದು, ಒಂದು ಈಡಿಗೆ ಊರಿಡೀ ಹೊಗೆ ಮಾಡೋದು. ಅದೇ ಕೇಪಿನ ಕೋವಿ.

ಈ ಎರಡು ಕೋವಿಗಳ ನಡುವೆ ಹತ್ತೊಂಬತ್ತನೇ ಶತಮಾನದ ಇಂಜಿನಿಯರಿಂಗ್‌ನ ಅರ್ಧ ಕಥೆ ಇದೆ. ಥರ್ಮೋಡೈನಮಿಕ್ಸ್, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ಮೆಕ್ಯಾನಿಸಂ ಎಲ್ಲಾ ಬರ್ತದೆ. ಆಶ್ಚರ್ಯ ಏನಂದ್ರೆ, ಜಗತ್ತು ವಿಂಚೆಸ್ಟರ್ ಅನ್ನೂ ದಾಟಿ ಎಷ್ಟೋ ಮುಂದೆ ಹೋದ ಮೇಲೂ ಕೇಪಿನ ಕೋವಿ ಮಾತ್ರ ನಮ್ಮ ಕಡೆ ಇನ್ನೂ ಡ್ಯೂಟಿ ಮಾಡ್ತಾ ಇದೆ. ಅದು ಹೇಗೆ, ಯಾಕೆ ಅಂತ ನೋಡೋಣ.

ಕರಿಮದ್ದು ಅಂದ್ರೆ ಏನು?

ಪೆಟ್ಲುಪ್ಪು, ಇದ್ದಿಲು, ಗಂಧಕ. ಈ ಮೂರರ ಮಿಶ್ರಣವೇ ಕರಿಮದ್ದು. ಪುಸ್ತಕಗಳಲ್ಲಿ ಸಿಗುವ ಪ್ರಮಾಣ ನೂರಕ್ಕೆ 75, 15, 10. ಪೆಟ್ಲುಪ್ಪು, ಅಂದ್ರೆ ಪೊಟ್ಯಾಸಿಯಂ ನೈಟ್ರೇಟ್, ಆಮ್ಲಜನಕ ಕೊಡ್ತದೆ. ಇದ್ದಿಲು ಉರಿಯುವ ಸೌದೆ. ಗಂಧಕ ಬೇಗ ಬೆಂಕಿ ಹಿಡಿಯುವ ಹಾಗೆ ಮಾಡ್ತದೆ. ಹೊರಗಿನ ಗಾಳಿ ಬೇಕಾಗಿಲ್ಲ, ಅದಕ್ಕೇ ಮುಚ್ಚಿದ ನಳಿಗೆಯೊಳಗೂ ಉರಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಉರಿದ ಕರಿಮದ್ದಿನಲ್ಲಿ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಅನಿಲ ಆಗ್ತದೆ. ಉಳಿದದ್ದು ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್ ಮೊದಲಾದ ಘನವಸ್ತು. ನಾವು ನೋಡುವ ಬಿಳಿ ಹೊಗೆ ಅದೇ, ನಳಿಗೆಯೊಳಗೆ ಅಂಟುವ ಕಪ್ಪು ಕಿಟ್ಟವೂ ಅದೇ. ಗುಂಡನ್ನು ತಳ್ಳೋದು ಅನಿಲ. ಅರ್ಧದಷ್ಟು ಮದ್ದು ಹೊಗೆಯಾಗಿ ಹೋದರೆ ತಳ್ಳುವ ಕೆಲಸಕ್ಕೆ ಉಳಿಯೋದು ಎಷ್ಟು ಹೇಳಿ?

ಎರಡನೆಯ ಮಿತಿ ಉರಿಯುವ ವೇಗದ್ದು. ಯಾವ ಮದ್ದೇ ಆಗಲಿ, ಒತ್ತಡ ಏರಿದಂತೆ ಉರಿಯುವ ವೇಗವೂ ಏರ್ತದೆ. ಆದರೆ ಕರಿಮದ್ದಿನಲ್ಲಿ ಈ ಏರಿಕೆ ಬಹಳ ನಿಧಾನ. ಆಧುನಿಕ ಹೊಗೆರಹಿತ ಮದ್ದಿನಲ್ಲಿ ಒತ್ತಡಕ್ಕೆ ಹೆಚ್ಚುಕಮ್ಮಿ ಅದೇ ಅನುಪಾತದಲ್ಲಿ ಏರ್ತದೆ. ಹಾಗಾಗಿ ಕರಿಮದ್ದಿನ ಗುಂಡಿಗೆ ಸಾಮಾನ್ಯವಾಗಿ ಸೆಕೆಂಡಿಗೆ 400ರಿಂದ 500 ಮೀಟರ್ ವೇಗ ಸಿಕ್ಕರೆ ಅದೇ ದೊಡ್ಡದು. ಎರಡು ಪಟ್ಟು ಮದ್ದು ಹಾಕಿದರೆ ಎರಡು ಪಟ್ಟು ವೇಗ ಬರೋದಿಲ್ಲ. ಹೆಚ್ಚಿನ ಪಾಲು ಹೊಗೆ, ಒದೆ ಮತ್ತು ಅಪಾಯವಾಗಿ ಬರ್ತದೆ.

ವೇಗ ಸಿಗದಿದ್ದರೆ ತೂಕ ಹೆಚ್ಚಿಸು

ಚಲನಶಕ್ತಿ ಅಂದ್ರೆ ಅರ್ಧ × ದ್ರವ್ಯರಾಶಿ × ವೇಗದ ವರ್ಗ. ವೇಗ ಏರಿಸೋಕೆ ಆಗದಿದ್ದಾಗ ಹಳೆಯ ಕಾಲದವರಿಗೆ ಉಳಿದದ್ದು ಒಂದೇ ದಾರಿ: ಸೀಸದ ಗುಂಡನ್ನು ದಪ್ಪ ಮಾಡು. ಆನೆ, ಕಾಡುಕೋಣಗಳ ಬೇಟೆಗೆ ಬ್ರಿಟಿಷರು 8 ಬೋರ್, 4 ಬೋರ್ ಅಂತ ಹೊತ್ತು ತಂದದ್ದು ಇದಕ್ಕೇ.

ಈ ಬೋರ್ ಲೆಕ್ಕ ಗೊತ್ತಿಲ್ಲದವರಿಗೆ ಹೇಳ್ತೇನೆ. ಒಂದು ಪೌಂಡ್ ಸೀಸದಿಂದ ಒಂದೇ ಗಾತ್ರದ 12 ಉಂಡೆ ಮಾಡಿದರೆ, ಒಂದು ಉಂಡೆ ಹಿಡಿಯುವ ನಳಿಗೆ 12 ಬೋರ್. 453.6 ಗ್ರಾಮನ್ನು 12ರಿಂದ ಭಾಗಿಸಿದರೆ 37.8 ಗ್ರಾಮ್. ಸೀಸದ ಸಾಂದ್ರತೆ 11.34 ಹಾಕಿ ಗೋಳದ ವ್ಯಾಸ ತೆಗೆಯಿರಿ, ಸುಮಾರು 18.5 ಮಿಲಿಮೀಟರ್ ಬರ್ತದೆ. ಇಂದಿನ 12 ಬೋರಿನ ಅಳತೆಯೂ ಅದೇ! 4 ಬೋರ್ ಅಂದ್ರೆ ಒಂದೊಂದು ಗುಂಡು 113 ಗ್ರಾಮ್. ಅದರ ಒದೆ ತಡೆಯುವ ಭುಜ ಯಾವುದು ಅಂತ ನೀವೇ ಯೋಚಿಸಿ.

ನಮ್ಮ ಕೇಪಿನ ಕೋವಿಯೂ ಇದೇ ಕುಟುಂಬದ್ದು. ನಳಿಗೆಯ ಬಾಯಿಂದ ಮದ್ದು, ಅದರ ಮೇಲೆ ತೆಂಗಿನ ನಾರು, ಮೇಲೆ ಚರೆ ಅಥವಾ ಗುಂಡು, ಗಜದಿಂದ ಒತ್ತೋದು. ಹಿಂದೆ ಒಂದು ಸಣ್ಣ ತೂತಿನ ತುದಿಯ ಮೇಲೆ ತಾಮ್ರದ ಕೇಪು. ಕುದುರೆ ಬಿದ್ದಾಗ ಕೇಪು ಸಿಡಿದು ಕಿಡಿ ಒಳಗೆ ಹೋಗ್ತದೆ. ಬಡಿದರೆ ಸಿಡಿಯುವ ರಾಸಾಯನಿಕದಿಂದ ಕೋವಿಗೆ ಬೆಂಕಿ ಕೊಡುವ ಉಪಾಯಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ 1807ರಲ್ಲಿ ಪೇಟೆಂಟ್ ಪಡೆದ. ಕೇಪು ಅದರ ಮುಂದಿನ ಹೆಜ್ಜೆ. ಅಲ್ಲಿಯವರೆಗೆ ಚಕಮಕಿ ಕಲ್ಲಿನ ಕಿಡಿ, ಮಳೆಗಾಲದಲ್ಲಿ ಅದರ ಗತಿ ಏನಾಗ್ತಿತ್ತೋ ದೇವರೇ ಬಲ್ಲ.

ಕೇಪಿನ ಕೋವಿಯ ನಳಿಗೆ ನುಣುಪು, ಒಳಗೆ ಸುರುಳಿ ಗೆರೆಗಳಿಲ್ಲ. ಗುಂಡಿಗೆ ತಿರುಗು ಸಿಗದ ಕಾರಣ 40-50 ಮೀಟರ್ ದಾಟಿದರೆ ಗುರಿಯ ಭರವಸೆ ಇಲ್ಲ. ಬೇಟೆಯ ಕಾಲದಲ್ಲಿ ಎಷ್ಟೋ ಪ್ರಾಣಿಗಳು ಗಾಯಗೊಂಡು ಕಾಡು ಸೇರಿ ನರಳಿ ಸಾಯ್ತಿದ್ದದ್ದಕ್ಕೆ ಇದೂ ಒಂದು ಕಾರಣ. ಆಂಡರ್ಸನ್ ಕಥೆಗಳಲ್ಲೇ ನೋಡಿ, ಯಾರದೋ ನಾಡಬಂದೂಕಿನ ಚರೆ ತಿಂದು ಕುಂಟಾದ ಹುಲಿ ಅಥವಾ ಚಿರತೆ ಕೊನೆಗೆ ಮನುಷ್ಯರ ಮೇಲೆ ಬೀಳೋ ಸಂಗತಿ ಬರ್ತಾ ಇರ್ತದೆ.

ಲಿವರ್ ತಂದ ಬದಲಾವಣೆ

ಬಾಯಿಂದ ತುಂಬುವ ಕೋವಿಯ ದೊಡ್ಡ ತೊಂದರೆ ಸಮಯ. ಎದುರಿಗೆ ಹಂದಿ ನುಗ್ಗಿ ಬರುವಾಗ ಗಜ ಇಳಿಸ್ತಾ ನಿಂತ್ಕೊಳ್ಳೋಕೆ ಆಗ್ತದಾ? ಅಮೆರಿಕದ ಬೆಂಜಮಿನ್ ಟೈಲರ್ ಹೆನ್ರಿ 1860ರಲ್ಲಿ ಇದಕ್ಕೆ ಒಂದು ಉತ್ತರ ಕೊಟ್ಟ. ಮದ್ದು, ಗುಂಡು, ಕೇಪು ಮೂರನ್ನೂ ಒಂದೇ ಲೋಹದ ತೋಟಾದಲ್ಲಿ ಸೇರಿಸಿ, ಅಂಥ ತೋಟಾಗಳನ್ನು ನಳಿಗೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ಇಟ್ಟು, ಲಿವರ್‌ನಿಂದ ಒಂದೊಂದಾಗಿ ಮೇಲೆ ತರೋದು. ಅದೇ ವಂಶದ ವಿಂಚೆಸ್ಟರ್ 1873 ಮಾದರಿ ಬಹಳ ಹೆಸರು ಮಾಡಿತು.

ಅದರ ಮುಖ್ಯ ತೋಟಾ 44-40. ಹಳೆಯ ಹೆಸರುಗಳ ಅರ್ಥ ಸುಲಭ: ಮೊದಲ ಸಂಖ್ಯೆ ಗುಂಡಿನ ವ್ಯಾಸ ಇಂಚಿನ ನೂರನೇ ಭಾಗದಲ್ಲಿ, ಎರಡನೆಯದು ಕರಿಮದ್ದಿನ ತೂಕ ಗ್ರೇನ್‌ಗಳಲ್ಲಿ. ಒಂದು ಗ್ರೇನ್ ಅಂದ್ರೆ 0.0648 ಗ್ರಾಮ್. 44-40ರ 200 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ ಸುಮಾರು 940 ಜೂಲ್. ಜಿಂಕೆಗೆ ಸಾಕು. ಸಾವಿರ ಕೆಜಿವರೆಗೆ ತೂಗುವ ಕಾಡುಕೋಣದ ಮುಂದೆ ಇದು ಆಟಿಕೆ.

ಹಾಗಾದ್ರೆ ದೊಡ್ಡ ತೋಟಾ ಯಾಕೆ ಹಾಕಲಿಲ್ಲ? ಉತ್ತರ ಮೆಕ್ಯಾನಿಸಂನಲ್ಲಿದೆ. 1873ರ ಮಾದರಿಯಲ್ಲಿ ತೋಟಾದ ಹಿಂಬದಿಯನ್ನು ಹಿಡಿದಿಡೋದು ಟಾಗಲ್ ಲಿಂಕ್. ನಮ್ಮ ಮೊಣಕಾಲಿನ ಹಾಗೆ: ನೆಟ್ಟಗೆ ನಿಂತರೆ ಭಾರ ತಡೀತದೆ, ಆದರೆ ಭಾರವೆಲ್ಲ ಸಣ್ಣ ಸಣ್ಣ ಪಿನ್‌ಗಳ ಮೇಲೆ ಬೀಳ್ತದೆ. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ 1886ರ ಮಾದರಿಯಲ್ಲಿ ಟಾಗಲ್ ತೆಗೆದು, ಎರಡು ದಪ್ಪ ಉಕ್ಕಿನ ಬೀಗಗಳು ಕೆಳಗಿನಿಂದ ಮೇಲೆ ಬಂದು ಬೋಲ್ಟನ್ನು ಕಚ್ಚುವ ಹಾಗೆ ಮಾಡಿದ. ಭಾರ ಈಗ ನೇರವಾಗಿ ಕೋವಿಯ ಮೈಗೆ ಹೋಗ್ತದೆ. ಹಾಗಾಗಿ 45-70ರಂಥ ದೊಡ್ಡ ತೋಟಾ ಲಿವರ್ ಕೋವಿಗೆ ಬಂತು: 405 ಗ್ರೇನ್ ಗುಂಡು, ಸುಮಾರು 405 ಮೀಟರ್ ವೇಗ, ಸುಮಾರು 2,150 ಜೂಲ್. ಒಂದು ಲಿಂಕ್ ಬದಲಾದದ್ದಕ್ಕೆ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚು. ಕೈನೆಮ್ಯಾಟಿಕ್ಸ್ ಕ್ಲಾಸಿನಲ್ಲಿ ನಿದ್ದೆ ಬಂದರೆ ಇದನ್ನ ನೆನಪಿಸಿಕೊಳ್ಳಿ.

ಇನ್ನೊಂದು ಮಜಾ ಇದೆ. ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೆ ಒಂದು ಇರ್ತವೆ, ಹಿಂದಿನದರ ಮೂತಿ ಮುಂದಿನದರ ಕೇಪಿಗೆ ತಾಗಿಕೊಂಡು. ಗುಂಡು ಚೂಪಾಗಿದ್ದರೆ ಒದೆಯ ಹೊಡೆತಕ್ಕೆ ಕೇಪು ಸಿಡಿದು ಕೊಳವೆಯೇ ಹಾರಿಹೋಗಬಹುದು. ಅದಕ್ಕೇ ಈ ಕೋವಿಗಳ ಗುಂಡಿನ ಮೂತಿ ಚಪ್ಪಟೆ. ಮೂತಿ ಚಪ್ಪಟೆಯಾದರೆ ಗಾಳಿಯ ಎಳೆತ ಹೆಚ್ಚು, ವೇಗ ಬೇಗ ಇಳೀತದೆ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ದಂಡ ಕಟ್ಟಬೇಕು.

ಹೊಗೆ ಹೋಯಿತು

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ನೈಟ್ರೊಸೆಲ್ಯುಲೋಸ್‌ನಿಂದ ಹೊಗೆರಹಿತ ಮದ್ದು ಮಾಡಿದ. ಉರಿದದ್ದು ಹೆಚ್ಚುಕಮ್ಮಿ ಪೂರ್ತಿ ಅನಿಲ. ಬ್ರೌನಿಂಗ್‌ನದೇ 1895ರ ವಿಂಚೆಸ್ಟರ್ ಈ ಹೊಸ ಮದ್ದಿಗೆ ತಕ್ಕ ಹಾಗೆ ಬಂತು. ಕೊಳವೆ ತೆಗೆದು ಕೆಳಗೆ ಪೆಟ್ಟಿಗೆ ಇಟ್ಟರು, ತೋಟಾಗಳು ಒಂದರ ಮೇಲೊಂದು ಕೂತವು, ಚೂಪು ಮೂತಿಯ ಭಯ ಹೋಯಿತು. ಇದರ .405 ತೋಟಾ 300 ಗ್ರೇನ್ ಗುಂಡನ್ನು ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಲ್ಲಿ ಕಳಿಸ್ತದೆ. ಅಂದ್ರೆ ಸುಮಾರು 4,370 ಜೂಲ್. ಗುಂಡು 45-70ಕ್ಕಿಂತ ಹಗುರ, ಶಕ್ತಿ ಎರಡು ಪಟ್ಟು. 200 ಮೀಟರ್ ದೂರದಲ್ಲಿ 45-70ರ ಗುಂಡು ಸುಮಾರು ಒಂದೂವರೆ ಮೀಟರಿಗೂ ಹೆಚ್ಚು ಕೆಳಗೆ ಬಿದ್ದರೆ, .405ರದ್ದು ಅರ್ಧ ಮೀಟರಿನ ಆಸುಪಾಸು. ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಒಯ್ದದ್ದೂ, ಬೆಂಗಳೂರಿನ ಆಂಡರ್ಸನ್ ನರಭಕ್ಷಕಗಳ ಹಿಂದೆ ಹೊತ್ತು ತಿರುಗಿದ್ದೂ ಇದೇ ಮಾದರಿ.

ಆದರೆ ಹೊಸ ಮದ್ದು ಹಳೆ ಕೋವಿಗೆ ಯಮ. 45-70ಕ್ಕೆ ಇಂದಿನ ಅಮೆರಿಕನ್ ಮಾನದಂಡದ ಗರಿಷ್ಠ ಒತ್ತಡ 28,000 ಪಿಎಸ್‌ಐ. .405ರದ್ದು ಅದರ ಒಂದೂವರೆ ಪಟ್ಟಿಗಿಂತ ಹೆಚ್ಚು. ನಳಿಗೆಯ ಗೋಡೆಯ ಮೇಲಿನ ಹೂಪ್ ಸ್ಟ್ರೆಸ್ ಸ್ಥೂಲವಾಗಿ ಒತ್ತಡ × ವ್ಯಾಸ ÷ ಎರಡರಷ್ಟು ಗೋಡೆ ದಪ್ಪ. ನಳಿಗೆ ದಪ್ಪ ಗೋಡೆಯ ಸಿಲಿಂಡರ್ ಆದ್ದರಿಂದ ಸರಿಯಾಗಿ ಲೆಕ್ಕ ಹಾಕೋಕೆ ಲಾಮೆ ಸಮೀಕರಣ ಬೇಕು, ಆದರೆ ವಿಷಯ ಅರ್ಥ ಆಗೋಕೆ ಇಷ್ಟು ಸಾಕು. ಅಪ್ಪನ ಕಾಲದ ಕೋವಿಗೆ ಎಲ್ಲಿಂದಲೋ ಸಿಕ್ಕ ಬೇರೆ ಮದ್ದು ತುಂಬಿದರೆ ಏನಾಗ್ತದೆ ಅನ್ನೋದಕ್ಕೆ ಪ್ರಯೋಗ ಬೇಡ, ಈ ಸೂತ್ರ ಸಾಕು.

ನಮ್ಮ ಕರಾವಳಿಯ ಹವೆ

ಕರಿಮದ್ದಿಗೆ ಕಾರವಾರ-ಅಂಕೋಲೆಗಿಂತ ಕೆಟ್ಟ ಜಾಗ ಸಿಗೋದು ಕಷ್ಟ. ಉರಿದ ಮೇಲೆ ಉಳಿಯುವ ಪೊಟ್ಯಾಸಿಯಂ ಲವಣಗಳು ಗಾಳಿಯ ತೇವ ಹೀರ್ತವೆ. ಹಳೆ ಕೇಪುಗಳಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದು ಬಿಡುವ ಕ್ಲೋರೈಡ್ ಅಡುಗೆ ಉಪ್ಪಿನ ಅಣ್ಣ. ಮೇಲಿಂದ ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಒಂದು ಈಡು ಹೊಡೆದು ತೊಳೆಯದೆ ಇಟ್ಟರೆ ಕೆಲವೇ ದಿನಗಳಲ್ಲಿ ನಳಿಗೆಯೊಳಗೆ ತುಕ್ಕಿನ ಗುಳಿಗಳು. ಹಿರಿಯರು ಬಿಸಿನೀರು ಹೊಯ್ದು ತೊಳೆದು, ಒರೆಸಿ, ಎಣ್ಣೆ ಹಚ್ತಿದ್ದದ್ದು ಶಾಸ್ತ್ರಕ್ಕಲ್ಲ. ಈ ಲವಣಗಳು ನೀರಿನಲ್ಲಿ ಕರಗ್ತವೆ, ಬರೀ ಎಣ್ಣೆಯಲ್ಲಿ ಕರಗೋದಿಲ್ಲ.

4 ಮಿಲಿಮೀಟರ್ ಗೋಡೆ ತುಕ್ಕು ತಿಂದು 3 ಆದರೆ ಸ್ಟ್ರೆಸ್ ಮೂರನೇ ಒಂದು ಭಾಗ ಏರ್ತದೆ. ಗುಳಿಯ ಅಂಚಿನಲ್ಲಿ ಸ್ಟ್ರೆಸ್ ಕಾನ್ಸಂಟ್ರೇಶನ್ ಬೇರೆ. ಹೊರಗಿಂದ ನೋಡೋಕೆ ಕೋವಿ ಥಳಥಳ ಹೊಳೀತಾನೇ ಇರ್ತದೆ.

ತೇವ ಮದ್ದಿಗೂ ಹತ್ತುತ್ತದೆ. ಕುದುರೆ ಬಿತ್ತು, ಕೇಪು ಟಪ್ ಅಂತು, ಈಡು ಹಾರಲಿಲ್ಲ. ಕೆಲವೊಮ್ಮೆ ಕ್ಷಣ ಬಿಟ್ಟು ಹಾರ್ತದೆ. ಆಗ ಕೋವಿಯ ಬಾಯಿ ಎತ್ತ ಇದೆಯೋ ಅದರ ಮೇಲೆ ಯಾರದೋ ಜೀವ ನಿಂತಿರ್ತದೆ. ಎಷ್ಟೋ ಮನೆಗಳಲ್ಲಿ ಈಡು ತುಂಬಿದ ಕೋವಿ ತಿಂಗಳುಗಟ್ಟಲೆ ಹಾಗೇ ನೇತಾಡ್ತಿರ್ತದೆ. “ತಮಾ, ಅದನ್ನ ಮುಟ್ಟಬೇಡ, ಒಳಗೆ ಈಡು ಇದ್ರೂ ಇರ್ತದೆ” ಅಂತ ನಮ್ಮ ಕಡೆ ಅಜ್ಜಂದಿರು ಹೇಳೋದು ಅದಕ್ಕೇ. ಬಾಯಿಂದ ತುಂಬುವ ಕೋವಿಯನ್ನು ಹಿಂದಿನಿಂದ ಬಿಚ್ಚಿ ನೋಡೋಕೆ ಬರೋದಿಲ್ಲ. ಕೋವಿ ಬಲ್ಲವರು ಗಜ ಇಳಿಸಿ ಎಷ್ಟು ಹೊರಗೆ ಉಳೀತು ಅಂತ ನೋಡಿಯೇ ಖಾಲಿಯೋ ತುಂಬಿದೆಯೋ ಹೇಳ್ತಾರೆ.

ಬೇಟೆಯಿಂದ ಬೆಳೆ ಕಾಯೋವರೆಗೆ

ಕಾರವಾರದ ಬೇಟೆಗೆ ಹಳೆಯ ಇತಿಹಾಸ ಇದೆ. 1727ರಲ್ಲಿ ಪ್ರಕಟವಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನ ಪ್ರವಾಸ ಕಥನದಲ್ಲಿ ಇಲ್ಲಿನ ಇಂಗ್ಲಿಷ್ ಕೋಠಿಯ ಮುಖ್ಯಸ್ಥ ಸ್ಥಳೀಯ ಪ್ರಮುಖರ ಜೊತೆ, ಅವರ ಬಂದೂಕಿನ ಆಳುಗಳ ಜೊತೆ ಕಾಡಿಗೆ ಬೇಟೆಗೆ ಹೋಗುತ್ತಿದ್ದ ವರ್ಣನೆ ಇದೆ. 1799ರಲ್ಲಿ ಕೆನರಾ ಕಂಪನಿಯ ಕೈಗೆ ಬಂತು, 1862ರಲ್ಲಿ ಉತ್ತರ ಕೆನರಾ ಮುಂಬೈ ಪ್ರಾಂತಕ್ಕೆ ಸೇರಿತು. ಆಗ ಹುಲಿ ಕೊಂದವರಿಗೆ ಸರ್ಕಾರವೇ ಇನಾಮು ಕೊಡ್ತಿತ್ತು. ಇವತ್ತು ಅದೇ ಜಿಲ್ಲೆಯಲ್ಲಿ ಅದೇ ಹುಲಿಗಾಗಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಇದೆ.

1878ರ ಶಸ್ತ್ರ ಕಾಯ್ದೆ ಬಂದ ಮೇಲೆ ಕೋವಿಗೆ ಲೈಸೆನ್ಸ್ ಬೇಕಾಯಿತು. ಕೊಡಗಿನವರಿಗೆ ವಿನಾಯಿತಿ ಸಿಕ್ಕಿತು, ಅದು ಇವತ್ತಿಗೂ ಬೇರೆ ರೂಪದಲ್ಲಿ ಮುಂದುವರಿದಿದೆ. ನಮ್ಮ ಜಿಲ್ಲೆಗೆ ಅಂಥದ್ದು ಇಲ್ಲ. 1959ರ ಶಸ್ತ್ರ ಕಾಯ್ದೆ ಒಂದು ಕಿಟಕಿ ತೆರೆದಿಟ್ಟಿದೆ: ನಿಜವಾಗಿ ಬೆಳೆ ರಕ್ಷಣೆಗೆ ಬೇಕಾದವರಿಗೆ ಬಾಯಿಂದ ತುಂಬುವ ಕೋವಿಗೆ ಲೈಸೆನ್ಸ್. ಇನ್ನೂರು ವರ್ಷ ಹಳೆಯ ತಂತ್ರಜ್ಞಾನ ಇಲ್ಲಿ ಉಳಿದದ್ದು ಇದರಿಂದ. ಕಾಯ್ದೆಗೆ ಬೇಕಾದದ್ದು ನಿಧಾನದ, ಒಂದೇ ಈಡಿನ, ಹತ್ತಿರಕ್ಕೆ ಮಾತ್ರ ಆಗುವ ಕೋವಿ. ವಿಂಚೆಸ್ಟರ್ ಯಾವ ಗುಣಗಳಿಗಾಗಿ ಗೆದ್ದಿತೋ, ಅವು ಇಲ್ಲದಿರುವುದೇ ಕೇಪಿನ ಕೋವಿಗೆ ಉಳಿಗಾಲ ಕೊಟ್ಟಿತು.

ಆಮೇಲೆ ಬಂದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಬೇಟೆ ಬಂದ್. ಕೋವಿಗೆ ಲೈಸೆನ್ಸ್ ಇದೆ ಅಂದ್ರೆ ಹಂದಿ ಹೊಡೆಯೋಕೆ ಲೈಸೆನ್ಸ್ ಇದೆ ಅಂತ ಅರ್ಥ ಅಲ್ಲ, ಈ ಎರಡನ್ನ ಬಹಳ ಜನ ಕಲಸಿಕೊಳ್ತಾರೆ. ಬೆಳೆಗೆ ಅಪಾಯ ಆಗಿದ್ದರೆ ಅರಣ್ಯ ಇಲಾಖೆಯ ಅಧಿಕಾರ ಇರುವವರು ಲಿಖಿತ ಅನುಮತಿ ಕೊಡಬಹುದು, ಅನುಮತಿ ಇಲ್ಲದೆ ಹೊಡೆದರೆ ಅಪರಾಧ. ಕೇರಳ 2022ರಲ್ಲಿ ಕಾಡುಹಂದಿಯ ವಿಷಯದಲ್ಲಿ ಈ ಅಧಿಕಾರವನ್ನ ಪಂಚಾಯತಿ ಅಧ್ಯಕ್ಷರವರೆಗೂ ಇಳಿಸಿತು. ಕಾಡುಕೋಣ ಮೊದಲ ಪಟ್ಟಿಯ ಪ್ರಾಣಿ, ಅದರ ಮಾತೇ ಬೇರೆ. ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ವಾಸಿಸುವ ಲೈಸೆನ್ಸ್‌ದಾರರು ಅರಣ್ಯ ಇಲಾಖೆಯಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು ಅಂತಲೂ ಈ ಕಾಯ್ದೆ ಹೇಳ್ತದೆ.

ಹಾಗಾದ್ರೆ ರೈತ ಕೋವಿಯಿಂದ ಏನು ಮಾಡಬೇಕು? ಸದ್ದು. ಭತ್ತ ಹಾಲುಗಟ್ಟುವ ಹೊತ್ತಿಗೆ ಮಾಳದಲ್ಲಿ ರಾತ್ರಿ ಕೂತು, ಹಂದಿ ಹಿಂಡಿನ ಸದ್ದು ಕೇಳಿದರೆ ಬರೀ ಮದ್ದಿನ ಈಡು ಹಾರಿಸೋದು. ಅಂದ್ರೆ ಕೋವಿ ಈಗ ಒಂದು ಸೌಂಡ್ ಸಿಸ್ಟಂ. ಅದೂ ಚುನಾವಣೆ ಘೋಷಣೆ ಆದ ತಕ್ಷಣ ಠಾಣೆಗೆ ಜಮಾ ಆಗ್ತದೆ. ಯಾರಿಗೆ ವಿನಾಯಿತಿ ಅನ್ನೋದನ್ನ ಜಿಲ್ಲೆಯ ಪರಿಶೀಲನಾ ಸಮಿತಿ ನೋಡ್ತದೆ. ಹಂದಿಗೆ ಮಾತ್ರ ನೀತಿ ಸಂಹಿತೆ ಅನ್ವಯ ಆಗೋದಿಲ್ಲ, ಅದು ಬರೋ ದಿನವೇ ಬರ್ತದೆ. ಒಂದು ರಾತ್ರಿಯಲ್ಲಿ ಗದ್ದೆ ಉತ್ತ ಹಾಗೆ ಆಗಿರ್ತದೆ. ಪರಿಹಾರಕ್ಕೆ ಅರ್ಜಿ ಹಾಕಬಹುದು, ಆದರೆ ಆರು ತಿಂಗಳ ಕೂಳನ್ನ ಅರ್ಜಿಯಲ್ಲಿ ಉಣ್ಣೋಕೆ ಆಗೋದಿಲ್ಲ.

ಈ ಸಿಟ್ಟಿನಲ್ಲಿ ಕೆಲವರು ಹಿಡಿಯುವ ದಾರಿಗಳು ಕೋವಿಗಿಂತ ಭಯಂಕರ: ಹಣ್ಣಿನೊಳಗೆ ಸಿಡಿಮದ್ದು, ಬೇಲಿಗೆ ನೇರ ಮನೆ ಲೈನಿನ ಕರೆಂಟ್. ಎರಡನೆಯದಕ್ಕೆ ಹಂದಿಗಿಂತ ಮೊದಲು ದನ, ನೆರೆಮನೆಯವರು ಬಲಿಯಾಗ್ತಾರೆ. ಸೋಲಾರ್ ಬೇಲಿಯಲ್ಲಿ ವೋಲ್ಟೇಜ್ ಸಾವಿರಗಟ್ಟಲೆ ಇದ್ದರೂ ಪ್ರತಿ ಸಲ ಕರೆಂಟ್ ಹರಿಯೋದು ಸೆಕೆಂಡಿನ ಅತಿ ಸಣ್ಣ ಭಾಗ, ಶಕ್ತಿ ಕೆಲವೇ ಜೂಲ್. ಮನೆ ಲೈನ್ ಹಿಡಿದರೆ ಬಿಡೋದೇ ಇಲ್ಲ. ಇಲೆಕ್ಟ್ರಿಕಲ್ ಓದುವವರು ರಜೆಗೆ ಊರಿಗೆ ಹೋದಾಗ ಈ ಒಂದು ವ್ಯತ್ಯಾಸವನ್ನ ನಾಲ್ಕು ಮನೆಗೆ ಹೇಳಿದರೂ ಸಾಕು.

ಮನೆಯಲ್ಲಿ ಹಳೆ ಕೋವಿ ಇದ್ದರೆ

ಕೊನೆಗೆ ಕೆಲಸಕ್ಕೆ ಬರುವ ನಾಲ್ಕು ಮಾತು. ಲೈಸೆನ್ಸ್ ಇದ್ದ ಅಜ್ಜ ತೀರಿಕೊಂಡರೆ ಕೋವಿ ತಾನಾಗಿ ಮೊಮ್ಮಗನದ್ದಾಗೋದಿಲ್ಲ. ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಜಮಾ ಮಾಡಿ ರಸೀದಿ ತಗೊಳ್ಳಿ, ವಾರಸುದಾರರು ಬೇಕಿದ್ದರೆ ಹೊಸದಾಗಿ ಅರ್ಜಿ ಹಾಕಬೇಕು. 21 ತುಂಬದವರಿಗೆ ಲೈಸೆನ್ಸ್ ಸಿಗೋದಿಲ್ಲ. “ಮಾರಾಯಾ, ಅದು ಆಂಟಿಕ್ ಪೀಸು” ಅನ್ನೋ ವಾದವೂ ನಡೆಯೋದಿಲ್ಲ. ಕಾಯ್ದೆ ಬಿಡೋದು ರಿಪೇರಿ ಮಾಡಿದರೂ ಈಡು ಹಾರದಂಥ ಹಳೆ ಕೋವಿಯನ್ನ ಮಾತ್ರ. ಕೇಪಿನ ಕೋವಿಯ ರಚನೆ ಎಷ್ಟು ಸರಳ ಅಂದ್ರೆ, ನೂರು ವರ್ಷದ್ದಾದರೂ ಸ್ವಲ್ಪ ಕೈ ಆಡಿಸಿದರೆ ಹಾರ್ತದೆ. ಕಾಯ್ದೆಯ ಕಣ್ಣಿಗೆ ಅದು ಆಂಟಿಕ್ ಅಲ್ಲ, ಕೋವಿಯೇ.

ಫೋಟೋ ತೆಗೆಯೋಕೆ ಅಂತ ಗೂಟದಿಂದ ಇಳಿಸುವ ಮೊದಲು ಮನೆಯ ಹಿರಿಯರನ್ನ ಕರೀರಿ. ಒಳಗೆ ಈಡು ಇದ್ರೂ ಇರಬಹುದು.